ಟೊಪಿಗಿ ಮಾಸ್ತರ ಕಣ್ಣು

ಕಣ್ಣು ಬರೆಯುವವರೆಗೆ ಯಾವ ಮೂರ್ತಿಯೂ ದೇವರಲ್ಲ. ಕಣ್ಣು ಬಿದ್ದ ಕ್ಷಣದಲ್ಲಿ ಬರಿಯ ರೇಖೆಗೆ ಜೀವ ಬರುತ್ತದೆ, ನೋಡುವವನು ತಾನಾಗಿ ಕೈಮುಗಿಯುತ್ತಾನೆ. ಈ ಗಹನವಾದ ತತ್ವವನ್ನು ನಾನು ಮನಸಾರೆ ನಂಬಿದ್ದೆ. ನಂಬಿದ್ದರ ಫಲವಾಗಿ ಒಂದು ವರ್ಷ ನವರಾತ್ರಿಯ ಹೊತ್ತಿಗೆ ನಮ್ಮ ಮನೆಯ ರವೆಗೆ ಬೇಕೆಂದೇ ಹುಳ ಹಿಡಿಸಬೇಕಾಯಿತು.

ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ಪುಣೆಯ ಶುಕ್ರವಾರ ಪೇಟೆಯಲ್ಲಿ ದೇವರ ಪಟಗಳನ್ನು ಅಚ್ಚು ಹಾಕುವ ಒಂದು ಛಾಪಖಾನೆಯಲ್ಲಿ ನಾನು ಕಲ್ಲಿನ ಮೇಲೆ ಚಿತ್ರ ಬರೆಯುತ್ತಿದ್ದೆ. ಕಲ್ಲಚ್ಚಿನ ಕೆಲಸ ಕಾಣದವರಿಗಾಗಿ ಎರಡು ಮಾತು. ನುಣ್ಣಗೆ ಅರೆದ ಚಪ್ಪಡಿಯ ಮೇಲೆ ಜಿಡ್ಡಿನ ಕಡ್ಡಿಯಿಂದ ಚಿತ್ರವನ್ನು ಎಡಬಲ ತಿರುವಿ ಬರೆಯಬೇಕು. ಆಮೇಲೆ ಗೋಂದು, ತೆಳುವಾದ ಆಮ್ಲ, ಒದ್ದೆ ಬಟ್ಟೆ. ಜಿಡ್ಡು ಇದ್ದಲ್ಲಿ ಮಸಿ ಹಿಡಿಯುತ್ತದೆ, ನೀರು ಇದ್ದಲ್ಲಿ ಬಿಡುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಮೊದಲು ಹಳದಿ, ಅದರ ಮೇಲೆ ಕೆಂಪು, ಅದರ ಮೇಲೆ ನೀಲಿ, ಕಡೆಗೆ ಎಲ್ಲವನ್ನೂ ಬಿಗಿದು ನಿಲ್ಲಿಸುವ ಕಪ್ಪು. ಸರಸ್ವತಿಯ ಸೀರೆಯಾಗಲಿ, ದತ್ತಾತ್ರೇಯನ ನಾಯಿಗಳಾಗಲಿ, ಎಲ್ಲರೂ ಈ ಸಾಲಿನಲ್ಲಿಯೇ ಬರಬೇಕು.

ನಮ್ಮ ಛಾಪಖಾನೆಗೆ ತನ್ನದೇ ಒಂದು ಪದ್ಧತಿ ಇತ್ತು. ಕಣ್ಣು ಎಲ್ಲಕ್ಕಿಂತ ಕೊನೆಗೆ. ಹಳದಿ, ಕೆಂಪು, ನೀಲಿ ಕಲ್ಲುಗಳ ಮೇಲೆ ಕಣ್ಣಿನ ಜಾಗಕ್ಕೆ ಗೋಂದು ಹಚ್ಚಿ ಮುಚ್ಚಿಬಿಡುತ್ತಿದ್ದೆವು, ಅಲ್ಲಿ ಬಣ್ಣ ಬೀಳದಂತೆ. ಕಪ್ಪು ಕಲ್ಲಿನ ಕೆಲಸವೆಲ್ಲ ಮುಗಿದ ಮೇಲೆ ಒಂದು ಮುಂಜಾನೆ ಹಿರಿಯ ಚಿತ್ರಗಾರ ಸ್ನಾನ ಮಾಡಿ, ಏನೂ ತಿನ್ನದೆ ಬಂದು, ಎರಡು ಚುಕ್ಕೆ ಇಟ್ಟು ಕಣ್ಣು ತೆರೆಸುವುದು. ಮಾಲಕರು ಕಾಯಿ ಒಡೆಸಿ ಪೇಢೆ ಹಂಚುವುದು. ಈ ಅಧಿಕಾರ ಹಿರಿಯರು ನಿವೃತ್ತರಾದ ಮೇಲೆ ನನಗೆ ಬಂದಿತ್ತು. ಸುಳ್ಳೇಕೆ ಹೇಳಲಿ, ಆ ಎರಡು ಚುಕ್ಕೆಗಳ ದಿನ ನಾನು ಪೇಟೆಯಲ್ಲಿ ಸ್ವಲ್ಪ ನಿಧಾನವಾಗಿ ನಡೆಯುತ್ತಿದ್ದೆ.

ಆ ವರ್ಷ ಮಳೆಗಾಲದಲ್ಲಿ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರೊಬ್ಬರು ಸಹ್ಯಾದ್ರಿಯ ಹಕ್ಕಿಗಳ ಬಗ್ಗೆ ಶಾಲೆಗಳಿಗೆಂದು ಬರೆದ ಪುಸ್ತಕವನ್ನು ತಂದರು. ಬೆಳಗಾವಿಯವರು, ಪಾಠ ಇಂಗ್ಲಿಷಿನಲ್ಲಿ, ವ್ಯವಹಾರ ಮರಾಠಿಯಲ್ಲಿ, ಸಿಟ್ಟು ಮತ್ತು ಪ್ರೀತಿ ಮಾತ್ರ ಕನ್ನಡದಲ್ಲಿ. ನನ್ನ ಊರು ಧಾರವಾಡದ ಕಡೆ ಎಂದು ಗೊತ್ತಾದದ್ದೇ ಚಿತ್ರಗಳ ಕೆಲಸ ನನಗೇ ಬೇಕೆಂದು ಹಟ ಹಿಡಿದರು. ಮಾಲಕರು ಗಲ್ಲ ಕೆರೆದುಕೊಂಡು ಒಪ್ಪಿದರು. ಇಷ್ಟು ವರ್ಷ ಅಚ್ಚು ಹಾಕಿದ ದೇವರುಗಳಲ್ಲಿ ಯಾರೂ ಬಂದು ಬಣ್ಣ ಸರಿಯಿಲ್ಲ ಎಂದಿರಲಿಲ್ಲ, ಪ್ರೊಫೆಸರು ಅನ್ನುತ್ತಾರೆ ಎಂಬುದೊಂದೇ ಅವರ ಭಯ.

ನವಿಲು, ಕೋಗಿಲೆ, ಮಿಂಚುಳ್ಳಿಗಳು ನೆಟ್ಟಗೆ ಬಂದು ಹೋದವು. ಗಂಟು ಬಿದ್ದದ್ದು ಒಂದು ಬೆರಳುದ್ದದ ಹಕ್ಕಿಯಲ್ಲಿ. ಖಂಡಾಳಾದ ಆಚೆ ಘಟ್ಟದ ಒದ್ದೆ ಕಾಡುಗಳಲ್ಲಿ, ನೆಲದಿಂದ ಸೊಂಟದೆತ್ತರದ ಪೊದೆಗಳೊಳಗೇ ಹುಳ ಹೆಕ್ಕುತ್ತ ಬಾಳುವ ಜಾತಿ; ಮರದ ತುದಿ ಹೇಗಿರುತ್ತದೆಂದು ಅದಕ್ಕೆ ಗೊತ್ತಿಲ್ಲ. ನಮ್ಮ ಹಿತ್ತಿಲುಗಳಲ್ಲಿ ಗುಂಪುಗೂಡಿ ಜಗಳಾಡುವ ಹರಟೆಮಲ್ಲಗಳ ದೂರದ ತಮ್ಮ. ಪ್ರೊಫೆಸರು ಹೇಳಿದ ಲ್ಯಾಟಿನ್ ಹೆಸರು ಹಕ್ಕಿಗಿಂತ ಉದ್ದವಾಗಿತ್ತು. ಮಾದರಿಗೆಂದು ಕೊಟ್ಟದ್ದು ಕಾಲೇಜಿನ ಕಪಾಟಿನಲ್ಲಿದ್ದ ಹಳೆಯ ಒಣ ಚರ್ಮ: ಒಳಗೆ ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ, ಅಂಗಾತ ಮಲಗಿಸಿದ್ದು. ತಲೆ ಕಪ್ಪು, ಬೆನ್ನು ಕಂದು, ಹೊಟ್ಟೆ ಬಿಳಿ. ಕಣ್ಣಿನ ಜಾಗದಲ್ಲಿ ಎರಡು ಹತ್ತಿಯ ಉಂಡೆ.

ನಾನು ಅದನ್ನು ಒಂದು ಮಾವಿನ ಟೊಂಗೆಯ ಮೇಲೆ, ಫೋಟೋಕ್ಕೆ ಕುಳಿತ ಮಾಮಲೇದಾರರ ಹಾಗೆ ಕೂಡಿಸಿದೆ. ಪದ್ಧತಿಯಂತೆ ಕಣ್ಣಿಗೆ ಗೋಂದು ಹಚ್ಚಿ ಮುಚ್ಚಿದೆ. ಹಳದಿ ಅಚ್ಚಾಯಿತು, ಕೆಂಪು ಆಯಿತು, ನೀಲಿಯೂ ಆಯಿತು. ಪುಸ್ತಕಕ್ಕೆ ಬೇಕಾದ ಅಷ್ಟೂ ಹಾಳೆಗಳಲ್ಲಿ ಕಣ್ಣಿಲ್ಲದ ಹಕ್ಕಿ ಗೋಡೆಗುಂಟ ಒಣಗುತ್ತಿತ್ತು. ಕಪ್ಪು ಹತ್ತಿಸುವ ಮೊದಲು ನೋಡಿಹೋಗಲು ಪ್ರೊಫೆಸರು ಬಂದರು.

"ಪೇಂಟರ್ರ, ಕಣ್ಣ ಎಲ್ಲೆ?"

ಕಣ್ಣು ಕೊನೆಗೆ ಬರುವುದೆಂದೂ, ಗುರುವಾರ ಮುಹೂರ್ತ ಚೆನ್ನಾಗಿದೆಯೆಂದೂ ನಾನು ವಿವರಿಸಿದೆ. ಅವರು ಪೂರ್ತಿ ಕೇಳಿದರು. ಆಮೇಲೆ, ಯಾವ ಬಣ್ಣ ಹಾಕುತ್ತೀರಿ ಎಂದರು. ಕಪ್ಪು, ಎಂದೆ. ಬೇರೆ ಬಣ್ಣದ ಕಣ್ಣು ನಮ್ಮಲ್ಲಿ ಮಹಿಷಾಸುರನಿಗೆ ಮಾತ್ರ.

"ಈ ಜಾತೀದು ಕರೀದಲ್ರಿ. ತಿಳಿಬಣ್ಣದ್ದು. ಹಳದೀನೋ ಬೂದಿನೋ, ಪೊದಿಯೊಳಗ ಫಕ್ಕನ ಕಾಣಿಸಿ ಮಾಯ ಆಗತದ, ನಾನೂ ಖಾತ್ರಿ ಹೇಳಾಂಗಿಲ್ಲ. ಸತ್ತ ಮ್ಯಾಲೆ ಬಣ್ಣ ಹೋಗಿಬಿಡತದ. ಚೀಟಿ ಬರದಾವ ಅದನ್ನ ಬಿಟ್ಟಾನ."

ನಾನು ಹಳದಿ ಅಚ್ಚಾಗಿದ್ದ ಹಾಳೆಗಳ ಕಡೆ ನೋಡಿದೆ. ದೇವರ ಕಣ್ಣು ಕಪ್ಪು, ಕಪ್ಪು ಕೊನೆಯ ಕಲ್ಲು, ಹಾಗಾಗಿ ನಮ್ಮ ಪದ್ಧತಿಗೂ ಕಲ್ಲುಗಳ ಸಾಲಿಗೂ ಎಂದೂ ಜಗಳ ಬಿದ್ದಿರಲಿಲ್ಲ. ಕಣ್ಣು ಹಳದಿಯಾಗಿದ್ದರೆ ಅದು ಮೊಟ್ಟಮೊದಲ ಕಲ್ಲಿನಲ್ಲಿ ಬೀಳಬೇಕಿತ್ತು. ಆ ಜಾಗವನ್ನು ನಾನು ಭಕ್ತಿಯಿಂದ ಗೋಂದು ಹಚ್ಚಿ ಮುಚ್ಚಿದ್ದೆ.

ಮಾಲಕರ ಮುಂದೆ ಪಂಚಾಯಿತಿ ಸೇರಿತು. ಎಳ್ಳಿನಷ್ಟು ಕಣ್ಣಿಗೆ ಇನ್ನೊಂದು ಕಲ್ಲು ಹೂಡಿ, ಮಶೀನು ಇನ್ನೊಮ್ಮೆ ಓಡಿಸುವುದು ಸಾಧ್ಯವೇ ಇಲ್ಲ ಎಂದು ಅವರು ಮರಾಠಿಯಲ್ಲಿ ಹೇಳಿದರು. ದೀಪಾವಳಿಯ ಲಕ್ಷ್ಮೀ ಪಟ ಬಾಗಿಲಲ್ಲಿ ಕಾಯುತ್ತಿದೆ, ದಸರೆಗೆ ಹಕ್ಕಿಯ ಕಲ್ಲುಗಳನ್ನು ಅರೆದು ಲಕ್ಷ್ಮಿಗೆ ಕೊಡಬೇಕು. ಕರೀ ಕಣ್ಣು ಹಾಕಿ ಮುಗಿಸಿ, ಯಾವ ವಿದ್ಯಾರ್ಥಿ ಘಟ್ಟ ಇಳಿದು ಹೋಗಿ ನೋಡುತ್ತಾನೆ, ಎಂದರು. ವಿದ್ಯಾರ್ಥಿ ನೋಡುವುದಿಲ್ಲ, ಉಳಿದ ಪ್ರೊಫೆಸರುಗಳು ನೋಡುತ್ತಾರೆ ಎಂದರು ನಮ್ಮ ಪ್ರೊಫೆಸರು. ಅವರ ಮುಖ ನಿಜಕ್ಕೂ ಸಣ್ಣದಾಗಿತ್ತು. ಕಡೆಗೆ, ಒಂದು ಜೀವಂತ ಹಕ್ಕಿಯನ್ನು ತರಿಸುತ್ತೇನೆ, ಬಣ್ಣ ನೋಡಿಯಾದರೂ ಇಡಿ, ಉಪಾಯ ಆಮೇಲೆ ಹುಡುಕೋಣ ಎಂದು ಹೇಳಿ ಹೋದರು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದರು. ನೋಡಿಯಾದ ಮೇಲೆ ಹಕ್ಕಿಯನ್ನು ಕಾಲೇಜಿಗೆ ಕಳಿಸಿಬಿಡಿ. ಕಪಾಟಿನ ಚರ್ಮ ಹಳೆಯದಾಗಿದೆ, ಹೊಸದು ಮಾಡಿಸಬೇಕು.

ಹಕ್ಕಿ ಬಂದದ್ದು ಬಟ್ಟೆ ಕಟ್ಟಿದ ಬಿದಿರು ಬುಟ್ಟಿಯಲ್ಲಿ, ಖಂಡಾಳಾದಿಂದ ರೈಲಿನಲ್ಲಿ. ಛಾಪಖಾನೆಯಲ್ಲಿ ಆಮ್ಲದ ಗಾಳಿ, ಬೀಡಿಯ ಹೊಗೆ. ಮನೆಗೇ ಒಯ್ದೆ. ನಾವಿದ್ದದ್ದು ಹಲವು ಸಂಸಾರಗಳಿದ್ದ ಒಂದು ವಾಡೆಯ ಹಿಂದಿನ ಎರಡು ಖೋಲಿಗಳಲ್ಲಿ. ನಮ್ಮ ಮನೆಯವರು, ಎಂದರೆ ನನ್ನ ಹೆಂಡತಿ, ಬಟ್ಟೆಯ ಅಂಚು ಎತ್ತಿ ಇಣುಕಿದರು.

"ಇದೇನ್ರೀ, ಕರೀ ಟೊಪಿಗಿ ಹಾಕ್ಕೊಂಡು ಕೂತದ. ನಮ್ಮ ಊರಾಗಿನ ಗಣಿತದ ಮಾಸ್ತರು ಹಿಂಗ ಇದ್ರು."

ಹಾಗೆ ಅದು ಟೊಪಿಗಿ ಮಾಸ್ತರು ಆಯಿತು. ಹೋಲಿಕೆ ಅನ್ಯಾಯದ್ದಲ್ಲ. ಕಪ್ಪು ಟೊಪ್ಪಿಗೆ ಹುಬ್ಬಿನವರೆಗೆ ಇಳಿದಿತ್ತು, ಅದರ ಕೆಳಗಿನಿಂದ ಕಣ್ಣು ನಮ್ಮಿಬ್ಬರನ್ನೂ ಶಾಲೆಯ ಬಾಕಿನ ಮೇಲೆ ನಿಲ್ಲಿಸುವ ಹಾಗೆ ನೋಡಿತು. ಕಣ್ಣು ಹಳದಿಯೇ. ಆದರೆ ಎಂಥ ಹಳದಿ ಎಂದು ನನಗೆ ಪದ ಸಿಗಲಿಲ್ಲ. ನಿಂಬೆಯದಲ್ಲ, ಚೆಂಡುಹೂವಿನದಲ್ಲ. ಮನೆಯವರು ಒಂದೇ ನೋಟಕ್ಕೆ ಹೇಳಿದರು, "ಮಜ್ಜಿಗ್ಯಾಗ ಚಿಟಿಕಿ ಅರಿಷಿಣ ಬಿದ್ದಾಂಗ ಅದ." ಸರಿಯಾಗಿ ಅದೇ. ನನ್ನ ನೇತ್ರಪರೀಕ್ಷೆ ಹೊಸಲಿನ ಮೇಲೆಯೇ ಮುಗಿಯಿತು ಎನ್ನಬೇಕು. ಅದನ್ನು ನಾನು ಕಾಲೇಜಿಗೆ ತಿಳಿಸಲಿಲ್ಲ.

ತಿಳಿಸದಿರಲು ಮೊದಲ ಕಾರಣ ತೀರ ಸಾದಾ. ಅದು ಏನೂ ತಿನ್ನುತ್ತಿರಲಿಲ್ಲ. ಹಸಿದ ಅತಿಥಿಯನ್ನು ಹಾಗೇ ಎಬ್ಬಿಸಿ ಕಳಿಸುವುದು ನಮ್ಮ ಮನೆತನದಲ್ಲಿಲ್ಲ. ನೆನೆಸಿದ ಬೇಳೆ, ನವಣೆ, ಬಾಳೆಹಣ್ಣು, ಕಡೆಗೆ ಹೂರಣದ ಹೋಳಿಗೆಯ ಚೂರು, ಎಲ್ಲವನ್ನೂ ಮಾಸ್ತರು ತಿರಸ್ಕರಿಸಿದರು. ಹುಳವೇ ಆಗಬೇಕು, ಅದೂ ಅಲ್ಲಾಡುವಂಥದು. ನಮ್ಮ ಮನೆಯವರಾದರೋ ಒಲೆಯ ಹತ್ತಿರ ಇರುವೆ ಕಂಡರೆ ಕಟ್ಟಿಗೆ ಎಳೆದುಕೊಂಡು ಅದು ದಾಟುವವರೆಗೆ ಕಾಯುವವರು. ಒಂದು ಮಧ್ಯಾಹ್ನ ಕುಳಿತು ಯೋಚಿಸಿ ತೀರ್ಪು ಕೊಟ್ಟರು:

"ನಾ ಕೊಲ್ಲಾಂಗಿಲ್ಲ, ನೀವೂ ಕೊಲ್ಲೂದು ಬ್ಯಾಡ. ಹುಳ ಹಿಡದು ಜೀವಂತ ಒಳಗ ಬಿಡೋಣು. ಮುಂದ ಅವೂ ಮಾಸ್ತರೂ ಏನ ಮಾತಾಡ್ಕೋತಾರೋ ಮಾತಾಡ್ಕೊಳ್ಲಿ."

ಶಾಸ್ತ್ರಿಗಳು ಇದನ್ನು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಹಕ್ಕಿಗೆ ಮಾತ್ರ ಅದೇ ಬೇಕಾಗಿತ್ತು.

ಹಾಲು ಮೊಸರು ಇಡುವ ಜಾಳಿಗೆಯ ಕಪಾಟು ಮಾಸ್ತರ ಬಿಡಾರವಾಯಿತು. ಹಾಲು ನೆಲಕ್ಕೆ ಇಳಿಯಿತು, ವಾಡೆಯ ಬೆಕ್ಕುಗಳಿಗೆ ಒಳ್ಳೆಯ ಕಾಲ ಬಂತು. ಕಪಾಟಿನೊಳಗೆ ಕೆಸುವಿನ ಎಲೆ, ಅರಿಶಿನದ ಗಿಡದ ಒಂದು ಕುಂಡ, ತಳಕ್ಕೆ ಒಣ ಎಲೆ. ಹೊರಗೆ ಒದ್ದೆ ಗೋಣಿತಟ್ಟು. ಪುಣೆಯ ಒಣ ಗಾಳಿ ಘಟ್ಟದ ತಂಪಾಗಲಿ ಎಂದು ಹೊತ್ತುಹೊತ್ತಿಗೆ ನೀರು ಚಿಮುಕಿಸುವುದು. ಮೂಲೆಗಳಲ್ಲಿ ಜೇಡರ ಬಲೆ ತೆಗೆಯುವುದನ್ನು ಮನೆಯವರು ನಿಲ್ಲಿಸಿದರು. ನಾನು ಬೆಳಿಗ್ಗೆ ಎದ್ದು ಹೊಳೆ ದಾಟಿ ಕೋಥರೂಡದ ಹೊಲಗಳಿಗೆ ಹೋಗಿ, ಬದುವಿನ ಗಿಡಗಳ ಕೆಳಗೆ ಛತ್ರಿಯನ್ನು ಅಂಗಾತ ಬಿಚ್ಚಿ ಹಿಡಿದು ಕೋಲಿನಿಂದ ಮೇಲೆ ತಟ್ಟುತ್ತಿದ್ದೆ. ಸಣ್ಣ ಮಿಡತೆ, ಕಂಬಳಿಯಿಲ್ಲದ ಹುಳ, ಜೇಡ, ಎಲ್ಲ ಛತ್ರಿಯೊಳಗೆ ಉದುರುತ್ತಿದ್ದವು. ಮಳೆಯಿಲ್ಲದ ಹೊತ್ತಿನಲ್ಲಿ ಛತ್ರಿಯನ್ನು ತಲೆಕೆಳಗೆ ಹಿಡಿದು ಬೇಲಿಗೆ ಹೊಡೆಯುವ ಮನುಷ್ಯನನ್ನು ಅಲ್ಲಿನ ರೈತರು ಮೊದಲು ದೂರದಿಂದ ನೋಡಿದರು, ಆಮೇಲೆ ಹತ್ತಿರದಿಂದ ನೋಡಿದರು, ಕಡೆಗೆ ರಾಮ್ ರಾಮ್ ಹೇಳಿ ದಾರಿ ಬಿಡತೊಡಗಿದರು.

ಇಷ್ಟಾದರೂ ಮಾಸ್ತರ ಹೊಟ್ಟೆಗೆ ಸಾಲದು. ಅಷ್ಟು ಸಣ್ಣ ದೇಹ, ಬೆಳಗಿನಿಂದ ಸಂಜೆಯವರೆಗೆ ನಿಲ್ಲದ ಊಟ. ಆಗ ರವೆಯ ಯೋಜನೆ ಹುಟ್ಟಿತು. ನಮ್ಮ ಕಡೆಯ ಗೃಹಿಣಿಗೆ ರವೆಯಲ್ಲಿ ಹುಳ ಕಾಣಿಸಿಕೊಳ್ಳುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮನೆಯವರು ತವರಿನಿಂದ ಬಂದ ಒಳ್ಳೆಯ ರವೆಯನ್ನು ಡಬ್ಬಿಗೆ ಸುರಿದು, ಹುಳ ಹತ್ತಿದ ಹಳೆಯ ಹಿಟ್ಟನ್ನು ಹೆಪ್ಪು ಹಾಕಿದ ಹಾಗೆ ಬೆರೆಸಿ, ಒಲೆಯ ಪಕ್ಕ ಬೆಚ್ಚಗೆ ಇಟ್ಟರು. ಕೆಲವು ದಿನಗಳಲ್ಲಿ ಡಬ್ಬಿ ಜೀವಂತವಾಯಿತು. ಎದುರು ಖೋಲಿಯ ಹೆಂಗಸು ಒಂದು ವಾಟಿ ರವೆ ಕಡ ಕೇಳಲು ಬಂದು, ತಾನೇ ಮುಚ್ಚಳ ತೆಗೆದು, ಹಾಗೇ ಮುಚ್ಚಿ, ಏನೂ ಹೇಳದೆ ಹೋದಳು. ಆ ಮೌನ ವಾಡೆಯ ಪ್ರತಿ ಬಾಗಿಲಿಗೂ ತಲುಪಿತು. ಮನೆಯವರು ತಲೆ ಎತ್ತಿಯೇ ನಲ್ಲಿಗೆ ಹೋಗಿಬಂದರು. ಏಕಾದಶಿಯ ದಿನ ತಾವು ಉಪವಾಸವಿದ್ದು ಮಾಸ್ತರಿಗೆ ಎರಡು ಪಾಲು ಹಾಕಿದರು.

ತಿನ್ನಲು ಹತ್ತಿದ ಮೇಲೆ ನೋಡಬೇಕು ಆ ಪ್ರಾಣಿಯ ಠೀವಿ. ಒಣ ಎಲೆಯನ್ನು ಕೊಕ್ಕಿನಿಂದ ಎತ್ತಿ, ಕೆಳಗೆ ಇಣುಕಿ, ಸುಮ್ಮನೆ ಮಗುಚಿ ಪಕ್ಕಕ್ಕಿಡುವುದು, ಉತ್ತರಪತ್ರಿಕೆ ತಿದ್ದುವ ಹಾಗೆ. ಕೆಸುವಿನ ದಂಟಿಗೆ ಅಡ್ಡಡ್ಡ ಜೋತು ಎಲೆಯ ಅಡಿಯನ್ನು ತಪಾಸಣೆ ಮಾಡುವುದು. ನೆಟ್ಟಗೆ ಕುಳಿತದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ನನ್ನ ಕಲ್ಲಿನ ಮೇಲಿನ ಮಾಮಲೇದಾರನನ್ನು ನೆನೆದು ನಾಚಿಕೆಯಾಗುತ್ತಿತ್ತು. ಅಷ್ಟರಲ್ಲಿ ಕಾಲೇಜಿನ ಜವಾನ ಬಣ್ಣ ತಿಳಿಯಿತೇ ಎಂದು ಕೇಳಲು ಬಂದ. ಅವಲೋಕನ ನಡೆದಿದೆ, ಬೆಳಕು ಬದಲಾದ ಹಾಗೆ ಕಣ್ಣಿನ ಛಾಯೆ ಬದಲಾಗುತ್ತದೆ, ಅವಸರ ಮಾಡಿದರೆ ಶಾಸ್ತ್ರಕ್ಕೆ ಅಪಚಾರ ಎಂದು ಹೇಳಿ ಕಳಿಸಿದೆ. ಎರಡನೆಯ ಸಲ ಬಂದಾಗಲೂ ಅವಲೋಕನ ನಡೆದೇ ಇತ್ತು. ನಾನು ಹೂಂ ಎಂದ ದಿನ ಹಕ್ಕಿ ಕಾಲೇಜಿಗೆ ಹೋಗಬೇಕು, ಅಲ್ಲಿ ಸುಲಿದ ಚರ್ಮ ಕೆಡದಂತೆ ಒಳಗೆ ಸವರುವ ಸೋಮಲದ ಸಾಬೂನು, ವಿಷದ್ದು, ಕಾದಿತ್ತು. ಇದನ್ನು ನಾನಾಗಲಿ ಮನೆಯವರಾಗಲಿ ಬಾಯಿಬಿಟ್ಟು ಆಡಲಿಲ್ಲ.

ಆದರೆ ಹಗಲು ಗೆದ್ದದ್ದನ್ನು ಮಾಸ್ತರು ಸಂಜೆ ಸೋಲುತ್ತಿದ್ದರು. ದೀಪ ಹಚ್ಚುವ ಹೊತ್ತಾದರೆ ಕಪಾಟಿನ ಈ ಮೂಲೆಯಿಂದ ಆ ಮೂಲೆಗೆ ಓಡಾಟ, ಜಾಳಿಗೆಗೆ ಮೈ ತಿಕ್ಕುವುದು, ಗಂಟಲೊಳಗೇ ಚರ್ ಚರ್ ಎಂದು ಕರೆಯುವುದು, ನಿಂತು ಕೇಳುವುದು. ಬೆಳಿಗ್ಗೆ ನೋಡಿದರೆ ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ನಿದ್ದೆಗೆಟ್ಟ ಮುಖ. ತಿಂದದ್ದು ಮೈಗೆ ಹತ್ತಲಿಲ್ಲ. ಎದೆಯ ಎಲುಬು ಕೈಗೆ ಸಿಗತೊಡಗಿತು. ಸೋಮಲದಿಂದ ತಪ್ಪಿಸಲು ನಾನು ದಿನ ತಳ್ಳುತ್ತಿದ್ದೆ, ತಳ್ಳಿದ ಒಂದೊಂದು ದಿನವೂ ಅದನ್ನು ಸವೆಸುತ್ತಿತ್ತು.

ಬೇರೆ ದಾರಿ ಕಾಣದೆ ಪ್ರೊಫೆಸರ ಬಳಿಗೇ ಹೋದೆ. ಕಣ್ಣಿನ ಅವಲೋಕನಕ್ಕೆ ಬೇಕಾಗಿತ್ತು ಎಂಬ ನೆವದಿಂದ, ಈ ಹಕ್ಕಿ ಹೇಗೆ ಮಲಗುತ್ತದೆ ಎಂದು ಕೇಳಿದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಮಂಡಿಯೆತ್ತರದ ಪೊದೆಯಲ್ಲಿ ಒಣ ಎಲೆಗಳ ಚೆಂಡಿನಂಥ ಗೂಡು ಕಟ್ಟುತ್ತವಂತೆ. ಮೊಟ್ಟೆಗಲ್ಲ, ಬರಿಯ ನಿದ್ದೆಗೆ. ಸಂಜೆ ಇಡೀ ಗುಂಪು ಒಬ್ಬರ ಹಿಂದೊಬ್ಬರು ಒಳಗೆ ನುಗ್ಗಿ, ಮೈಗೆ ಮೈ ಒತ್ತಿ, ಯಾರ ಬಾಲ ಯಾರದೆಂದು ತಿಳಿಯದ ಹಾಗೆ ಮಲಗುತ್ತವಂತೆ. ಹೇಳುತ್ತ ಅವರು ತಮ್ಮ ಎರಡೂ ಅಂಗೈಗಳನ್ನು ಗೂಡಿನ ಹಾಗೆ ಮಡಿಸಿ ಹಿಡಿದಿದ್ದರು. ಒಂದು ಸಲ ಮಳೆಯಲ್ಲಿ ನೆನೆಯುತ್ತ ಕತ್ತಲಾಗುವವರೆಗೆ ಅದನ್ನೇ ನೋಡುತ್ತ ನಿಂತು ಜ್ವರ ತಂದುಕೊಂಡಿದ್ದರಂತೆ. ಅಂಥವರು ಹಿಂದಿನ ಕಪಾಟಿನ ಕಡೆಗೆ ಕೈ ತೋರಿಸಿ, ಆ ಖಾನೆ ಹೊಸ ಚರ್ಮಕ್ಕೆ ಕಾಯುತ್ತಿದೆ ಎಂದದ್ದೂ ಅಷ್ಟೇ ಪ್ರೀತಿಯಿಂದ. ಪ್ರೀತಿಯ ಪ್ರಕಾರಗಳು ಅನೇಕ. ಕೆಲವದರಲ್ಲಿ ಹತ್ತಿ ತುಂಬುತ್ತಾರೆ.

ಮನೆಗೆ ಬಂದು ಹೇಳಿದೆ. ಮನೆಯವರು ಕೊಡದ ಕೆಳಗೆ ತಲೆಗೆ ಇಟ್ಟುಕೊಳ್ಳುವ ಸಿಂಬಿ ಸುತ್ತುವ ಹಾಗೆ ಒಣಗಿದ ಬಾಳೆ ಎಲೆ, ತೆಂಗಿನ ನಾರು ಸೇರಿಸಿ ಎರಡು ಸಿಂಬಿ ಮಾಡಿ, ಒಂದರ ಮೇಲೊಂದು ಬೋರಲು ಹಾಕಿ ಹೊಲಿದರು. ಪಕ್ಕದಲ್ಲಿ ಒಂದು ಬಾಯಿ. ಅರಿಶಿನದ ಗಿಡದ ನಡುವೆ ಅದನ್ನು ಸಿಕ್ಕಿಸಿದೆವು. ಆ ಸಂಜೆ ಮಾಸ್ತರು ಗೂಡಿನ ಬಾಯಿಗೆ ಬಂದು ಒಳಗೆ ಇಣುಕಿ, ಹೊರಗೆ ಬಂದು, ಮತ್ತೆ ಇಣುಕಿ, ಮತ್ತೆ ಓಡಾಟಕ್ಕೆ ಹತ್ತಿದರು.

"ಮನಿ ಆತು, ಮಂದಿ ಎಲ್ಲೆ ಅದಾರ?" ಎಂದರು ಮನೆಯವರು. ಮರುದಿನ ಗೂಟದ ಮೇಲಿದ್ದ ನನ್ನ ಹಳೆಯ ಕಪ್ಪು ಟೊಪ್ಪಿಗೆ ಕಾಣಲಿಲ್ಲ. ಅದನ್ನು ಕತ್ತರಿಸಿ, ಹತ್ತಿ ತುಂಬಿ, ಹಕ್ಕಿಯ ಗಾತ್ರದ ಉಂಡೆಗಳನ್ನು ಮಾಡಿ ಗೂಡಿನೊಳಗೆ ಸಾಲಾಗಿ ಕೂಡಿಸಿದ್ದರು. ವಿದ್ವತ್ತಿನ ದೃಷ್ಟಿಯಿಂದ ಇದು ಹಾಸ್ಯಾಸ್ಪದ ಎಂದು ನಾನು ಹೇಳಿದೆ. ಸಂಜೆ ಮಾಸ್ತರು ಒಳಗೆ ಹೋದರು. ಓಡಾಟ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಇಣುಕಿದರೆ ನನ್ನ ಟೊಪ್ಪಿಗೆಗೆ ಮೈ ಒತ್ತಿ, ಗರಿಯ ಚೆಂಡಾಗಿ, ಕಣ್ಣು ಮುಚ್ಚಿ ಮಲಗಿದ್ದರು. ನಾನು ಹಾಸ್ಯಾಸ್ಪದ ಎಂಬ ಪದವನ್ನು ಹಿಂತೆಗೆದುಕೊಂಡೆ.

ದಸರೆ ಹತ್ತಿರ ಬಂತು. ಮಾಲಕರು ಕಲ್ಲು ಕೇಳಿದರು, ಪ್ರೊಫೆಸರಿಗೆ ಕಾಯುವುದು ಸಾಕಾಯಿತು. ಒಂದು ಸಂಜೆ ಕೋಟು, ರುಮಾಲು, ಕೊಡೆ ಸಮೇತ ಅವರೇ ನಮ್ಮ ಬಾಗಿಲಿಗೆ ಬಂದರು. ಸರಿಯಾಗಿ ಮಾಸ್ತರು ಮಲಗಲು ಹೋಗುವ ಹೊತ್ತು. ನಾನು ಮಣೆ ಕೊಟ್ಟು ಕಪಾಟಿನ ಮುಂದೆ ಕೂಡಿಸಿದೆ. ಹಕ್ಕಿ ಗೂಡಿನ ಬಾಯಿಗೆ ಬಂದಿತು, ನಮ್ಮಿಬ್ಬರ ಹಾಜರಿ ತೆಗೆದುಕೊಂಡಿತು, ಒಳಗೆ ಹೋಗಿ ಟೊಪ್ಪಿಗೆಯ ಉಂಡೆಗಳ ನಡುವೆ ಹೆಗಲು ತೂರಿಸಿ ಜಾಗ ಮಾಡಿಕೊಂಡಿತು. ಪ್ರೊಫೆಸರು ಕೊಡೆಯನ್ನು ಗೋಡೆಗೆ ಒರಗಿಸಿ ನನ್ನ ಕಡೆ ತಿರುಗಿದರು.

"ಬಣ್ಣ ಗೊತ್ತಾತೇನ್ರಿ?"

"ಗೊತ್ತಾತ್ರಿ. ಮಜ್ಜಿಗ್ಯಾಗ ಅರಿಷಿಣ."

"ಯಾವಾಗ ಗೊತ್ತಾತು?"

"ಬಂದ ದಿನಾನ."

"ಮತ್ತ ಇಷ್ಟು ದಿನ ಏನ ಮಾಡಿದ್ರಿ?"

ಅಡಿಗೆ ಮನೆಯಿಂದ ಉತ್ತರ ಬಂತು: "ಹುಳಾ ಸಾಕಿದ್ವಿರಿ."

ನಾನು ಹಲವು ದಿನಗಳಿಂದ ಮನಸ್ಸಿನಲ್ಲೇ ತಿದ್ದಿ ಇಟ್ಟಿದ್ದ ಮಾತನ್ನು ಆಗ ಹೊರಗೆ ತೆಗೆದೆ. ಕಣ್ಣಿನ ಜಾಗ ಎಲ್ಲ ಹಾಳೆಗಳಲ್ಲೂ ಬಿಳಿಯಾಗಿಯೇ ಉಳಿದಿದೆ. ಕಪ್ಪು ಕಲ್ಲಿನಲ್ಲಿ ನಡುವಿನ ಪಾಪೆಯನ್ನಷ್ಟೇ ಇಡುತ್ತೇನೆ. ಅದರ ಸುತ್ತ ಹಳದಿಯ ಬಳೆಯನ್ನು ನಾನು ಕೈಯಿಂದ ಹಚ್ಚುತ್ತೇನೆ, ಒಂದೊಂದು ಹಾಳೆಗೂ. ಮಾಲಕರಿಗೆ ಇನ್ನೊಂದು ಕಲ್ಲು ಬೇಡ, ಮಶೀನು ಬೇಡ. ಪುಸ್ತಕದಲ್ಲಿ ಕಣ್ಣು ಸರಿಯಾಗಿರುತ್ತದೆ.

"ಆದ್ರ ಮಾಸ್ತರು ಕಾಲೇಜಿಗೆ ಬರಾಂಗಿಲ್ಲರಿ. ಖಂಡಾಳಾಕ್ಕ ಹೋಗತಾರ."

ಪ್ರೊಫೆಸರು ಕನ್ನಡಕ ತೆಗೆದರು. "ಇಷ್ಟು ದಿನಾ ಮನಿಯಾಗ ಇಟ್ಟದ್ದು. ಗುಂಪು ಸಿಗತದೋ ಇಲ್ಲೋ. ಅಲ್ಲಿ ಬಿಟ್ರ ಬದಕತದ ಅಂತ ಏನ ಖಾತ್ರಿ?"

"ಖಾತ್ರಿ ಇಲ್ಲರಿ. ನಿಮ್ಮ ಕಪಾಟಿನ್ಯಾಗ ಸಾಯತದ ಅನ್ನೂದಕ್ಕ ಮಾತ್ರ ಪೂರ್ಣ ಖಾತ್ರಿ ಅದ."

ಅವರು ನಗಲಿಲ್ಲ. ಮತ್ತೆ ಜಾಳಿಗೆಗೆ ಮುಖ ಹಚ್ಚಿ ಒಳಗೆ ನೋಡಿದರು. ಮನೆಯವರು ಚಹಾ ತಂದಿಟ್ಟರು, ಅದು ಆರಿತು.

"ಎಲ್ಲೆರೆ ಬಿಟ್ರ ನಡಿಯಾಂಗಿಲ್ಲ," ಎಂದರು ಕಡೆಗೆ. "ಹಿಡದ ಹಳ್ಳದಾಗ ಬಿಡಬೇಕು. ಜಾಗಾ ನಾ ತೋರಸ್ತೀನಿ. ಕಣ್ಣ ಆಮ್ಯಾಲೆ ಹಚ್ರಿ, ಹಕ್ಕಿ ಮೊದಲ. ಥಂಡಿ ಬಿದ್ದು ಕಾಡು ಒಣಗಿದ್ರ ಅದಕ್ಕ ಹುಳಾ ಸಿಗಾಂಗಿಲ್ಲ."

ಮುಂದಿನ ಭಾನುವಾರ ಬೆಳಗಿನ ರೈಲಿಗೆ ಮೂವರೂ ಹೊರಟೆವು. ಬುಟ್ಟಿ ಮನೆಯವರ ತೊಡೆಯ ಮೇಲೆ. ಗೂಡೂ ಟೊಪ್ಪಿಗೆಯ ಬಳಗವೂ ಒಳಗೆ. ದಾರಿಯ ಊಟಕ್ಕೆಂದು ಮಾಸ್ತರ ಡಬ್ಬಿ ಬೇರೆ. ಎದುರಿಗೆ ಕುಳಿತ ಸಂಸಾರಸ್ಥರೊಬ್ಬರು ಡಬ್ಬಿಯನ್ನು ಆಸೆಯಿಂದ ನೋಡಿ ಅದರಲ್ಲಿ ಏನಿದೆ ಎಂದು ಮರಾಠಿಯಲ್ಲಿ ವಿಚಾರಿಸಿದರು. ರವಾ, ಎಂದರು ಮನೆಯವರು. ಸುಳ್ಳೇನೂ ಹೇಳಲಿಲ್ಲ. ಲಾಡುವೇ ಎಂದು ಅವರು ಮುಂದುವರಿಸಿದಾಗ ಪ್ರೊಫೆಸರು ಕಿಟಕಿಯ ಹೊರಗೆ ಬಹಳ ಗಂಭೀರವಾಗಿ ನೋಡತೊಡಗಿದರು.

ಖಂಡಾಳಾದಲ್ಲಿ ಇಳಿದು, ರಸ್ತೆ ಬಿಟ್ಟು, ಕಣಿವೆಗೆ ಇಳಿದೆವು. ಹಳ್ಳದ ಎರಡೂ ಮಗ್ಗುಲು ಕಾರ್ವಿಯ ಪೊದೆ, ಪಾಚಿ ಹಿಡಿದ ಬಂಡೆ, ಮೇಲಿನಿಂದ ಹನಿ. ಪ್ರೊಫೆಸರು ಮುಂದೆ, ರುಮಾಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹುಡುಗರ ಹಾಗೆ ಜಾರುತ್ತ ಹೋದರು. ಒಂದು ತಿರುವಿನಲ್ಲಿ ನಿಂತು ಕೈ ಎತ್ತಿದರು. ಬುಟ್ಟಿಯನ್ನು ಪೊದೆಯ ಬುಡದಲ್ಲಿ ಅಡ್ಡ ಮಲಗಿಸಿ, ಬಟ್ಟೆ ಬಿಚ್ಚಿ, ನಾವು ದೂರ ಹೋಗಿ ಬಂಡೆಯ ಹಿಂದೆ ಕುಳಿತೆವು.

ಮಾಸ್ತರು ಹೊರಗೆ ಬರಲಿಲ್ಲ.

ಬಿಸಿಲು ಕಣಿವೆಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯಿತು. ಗೂಡಿನ ಬಾಯಿಯಲ್ಲಿ ಕಪ್ಪು ತಲೆ ಕಾಣಿಸುವುದು, ಒಳಗೆ ಹೋಗುವುದು. ನಮ್ಮ ಉಪಚಾರದಲ್ಲಿ ಕೆಟ್ಟುಹೋಯಿತೇ ಎಂಬ ಯೋಚನೆ ನನಗೆ ಬಂತು. ನನ್ನ ಟೊಪ್ಪಿಗೆಯ ಚೂರುಗಳನ್ನೇ ಬಳಗ ಎಂದು ನಂಬಿಬಿಟ್ಟಿತೇ? ಮನೆಯಲ್ಲಿ ಪೂರ್ಣ ಖಾತ್ರಿಯ ಮಾತಾಡಿದ ನಾನು ಈಗ ಬಂಡೆಯ ಅಂಚಿನಿಂದ ಗಳಿಗೆಗೊಮ್ಮೆ ಕತ್ತು ಚಾಚುತ್ತಿದ್ದೆ. ಪ್ರೊಫೆಸರು ಮಾತ್ರ ಕಿವಿಯ ಹಿಂದೆ ಕೈ ಇಟ್ಟುಕೊಂಡು ಅಲುಗಾಡದೆ ಕುಳಿತಿದ್ದರು.

ಹಳ್ಳದ ಕೆಳಗಿನಿಂದ ಒಣ ಎಲೆ ಮಗುಚುವ ಸಪ್ಪಳ ಬಂತು. ಆಮೇಲೆ ಗಂಟಲೊಳಗಿನ ಚರ್ ಚರ್. ಒಂದಲ್ಲ, ಹಲವು. ಪೊದೆಯ ಅಡಿಯಲ್ಲಿ ಕಪ್ಪು ಟೊಪ್ಪಿಗೆಗಳ ಒಂದು ಇಡೀ ಶಿಕ್ಷಕ ವರ್ಗ ಎಲೆ ತಿದ್ದುತ್ತ, ಒಬ್ಬರಿಗೊಬ್ಬರು ಗೊಣಗುತ್ತ ಬುಟ್ಟಿಯ ಪಕ್ಕದಿಂದಲೇ ಹಾದುಹೋಗತೊಡಗಿತು. ಬುಟ್ಟಿಯೊಳಗಿನಿಂದ ಉತ್ತರ ಹೋಯಿತು. ಮಾಸ್ತರು ಹೊರಗೆ ಬಂದು ಬುಟ್ಟಿಯ ಅಂಚಿನ ಮೇಲೆ ಕುಳಿತರು. ತಲೆ ಓರೆ ಮಾಡಿ, ಒಂದು ಹಳದಿ ಕಣ್ಣಿನಿಂದ ನಮ್ಮ ಬಂಡೆಯ ಕಡೆ ನೋಡಿದರು. ನನಗೆ ಬೇಕಾಗಿದ್ದ ಕಣ್ಣು ಅದು. ಖೋಲಿಯ ಬೆಳಕಿನಲ್ಲಿ ಕಂಡದ್ದಕ್ಕಿಂತ ಒಂದು ಕೂದಲಿನಷ್ಟು ಹೆಚ್ಚು ಬೆಳ್ಳಗಿತ್ತು. ಆಮೇಲೆ ಪೊದೆಗೆ ಇಳಿದರು. ಸ್ವಲ್ಪ ಹೊತ್ತಿನಲ್ಲಿ ನಮ್ಮವರು ಯಾರು, ಊರವರು ಯಾರು ಎಂದು ಹೇಳುವುದು ಆಗಲಿಲ್ಲ. ಪ್ರೊಫೆಸರು ಗುರುತಿಸಲು ಪ್ರಯತ್ನಿಸಿ ಬಿಟ್ಟುಬಿಟ್ಟರು, ಕನ್ನಡಕ ಒರೆಸಿಕೊಂಡರು. ಕಣಿವೆಯಲ್ಲಿ ಹನಿ ಬೀಳುತ್ತಿತ್ತು ಎಂದು ದಾಖಲೆಗಾಗಿ ಹೇಳುತ್ತೇನೆ.

"ಊಟದ ಡಬ್ಬಿ ಬಿಟ್ಟು ಹೋದ್ರು," ಎಂದರು ಮನೆಯವರು. ರವೆಯನ್ನು ಪೊದೆಯ ಬುಡಕ್ಕೆ ಸುರಿದು, ಖಾಲಿ ಡಬ್ಬಿಯನ್ನು ಹಳ್ಳದ ನೀರಿನಲ್ಲಿ ಮೂರು ಸಲ ತೊಳೆದರು. ಬುಟ್ಟಿಯಿಂದ ಗೂಡನ್ನು ತೆಗೆದು ಪೊದೆಯಲ್ಲಿ ಸಿಕ್ಕಿಸಿ ಬಂದೆವು, ಒಳಗಿನವರ ಸಮೇತ.

ದಸರೆಗೆ ಮೊದಲು ಕಪ್ಪು ಕಲ್ಲು ಅಚ್ಚಾಯಿತು. ಸ್ನಾನ ಮಾಡಿ, ಏನೂ ತಿನ್ನದೆ ಹೋಗಿಯೇ ಪಾಪೆ ಇಟ್ಟೆ. ಹಾಳೆಗಳ ಕಟ್ಟು ಮನೆಗೆ ಬಂತು. ಮೊದಲ ದಿನವೇ ಕೆಲಸ ಕೈಕೊಟ್ಟಿತು. ಸುತ್ತಲಿನ ಅಚ್ಚಿನ ಮಸಿ ಜಿಡ್ಡು, ನನ್ನ ಬಣ್ಣ ನೀರು. ಹಚ್ಚಿದ ಹಳದಿ ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಉಂಡೆಯಾಗಿ ನಿಲ್ಲುತ್ತಿತ್ತು. ಬಣ್ಣದ ವಿಲಾಯತಿ ಪುಸ್ತಕದಲ್ಲಿ ಎತ್ತಿನ ಪಿತ್ತ ಬೆರೆಸಿ ಎಂದಿತ್ತು. ಅದನ್ನು ಮನೆಯಲ್ಲಿ ಓದಿ ಹೇಳುವ ಧೈರ್ಯ ನನಗಾಗಲಿಲ್ಲ. ಅಂಟುವಾಳದ ಕಾಯಿ ನೆನೆಸಿದ ನೀರನ್ನು ಒಂದು ತೊಟ್ಟು ಬೆರೆಸಿ ನೋಡಿದೆ, ಬಣ್ಣ ಕೂತಿತು. ಆಮೇಲೆ ಕೂದಲಿನಂಥ ಕುಂಚ, ಭೂತಗನ್ನಡಿ, ಪಾಪೆಯ ಸುತ್ತ ಒಂದು ಬಳೆ. ಮುಂದಿನ ಹಾಳೆ. ಕೈ ಸೋತಾಗ ಮನೆಯವರು ಕುಂಚ ತೆಗೆದುಕೊಳ್ಳುತ್ತಿದ್ದರು. ನಾನು ಹಚ್ಚಿದ ಹಕ್ಕಿಗಳು ವರ ಕೊಡುವ ಹಾಗೆ ನೋಡುತ್ತವೆ, ಅವರು ಹಚ್ಚಿದವು ಬಾಯಿಪಾಠ ಕೇಳುವ ಹಾಗೆ ನೋಡುತ್ತವೆ. ಎರಡನೆಯದೇ ಸರಿ. ಕೊನೆಯ ಹಾಳೆಯ ದಿನ ಮಾಲಕರು ತಾವೇ ಕಾಯಿ, ಪೇಢೆ ಹಿಡಿದು ವಾಡೆಗೆ ಬಂದರು. ಕಣ್ಣು ಕೊನೆಗೇ ಬಂದಿದೆಯಲ್ಲ, ಪದ್ಧತಿ ತಪ್ಪಲಿಲ್ಲ ಎಂದು ಅವರಿಗೆ ಸಮಾಧಾನ. ಎದುರು ಖೋಲಿಯ ಹೆಂಗಸಿಗೂ ಪೇಢೆ ಹೋಯಿತು. ರವೆ ಕಡ ಕೇಳಲು ಆಕೆ ಮತ್ತೆ ಬರಲಿಲ್ಲ.

ಪುಸ್ತಕ ಶಾಲೆಗಳಿಗೆ ಹೋಯಿತು. ಅದರ ಎಲ್ಲ ಪ್ರತಿಗಳಲ್ಲೂ ಹಕ್ಕಿ ಮಾವಿನ ಟೊಂಗೆಯ ಮೇಲೆ ತಪ್ಪಾಗಿ ಕುಳಿತಿದೆ, ಕಣ್ಣು ಸರಿಯಾಗಿದೆ. ಕಾಲೇಜಿನ ಕಪಾಟಿನ ಆ ಖಾನೆಯಲ್ಲಿ ಈಗಲೂ ಹಳೆಯ ಚರ್ಮವೇ ಇದೆ.